ಮದುವೆಯಲ್ಲಿ ಮಾತಾಡುತ್ತಿದ್ದ ಮಾಸ್ಟ್ರು

ಮಾತಿಗೆ ಎದ್ದು ನಿಂತಾಗ ಮಾಸ್ಟ್ರ ಗಂಟಲಮಣಿ ಒಮ್ಮೆ ಮೇಲೇರಿ ಕೆಳಗಿಳಿಯುತ್ತಿತ್ತು. ಬಡಕಲು ಕೊರಳು, ಅದಕ್ಕೆ ದೊಡ್ಡದಾದ ಕಾಲರು. ಆಮೇಲೆ ಬರುವ ದನಿ ಮಾತ್ರ ಚಪ್ಪರದಾಚೆ ಅಡುಗೆಯವರಿಗೂ ಕೇಳುತ್ತಿತ್ತು.

ಪರ್ಕಳದಲ್ಲಿ ಅವರದು ನಮ್ಮ ಪಕ್ಕದ ಮನೆ. ಇಗರ್ಜಿಯ, ಎಂದರೆ ಚರ್ಚಿನ, ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಮ್ಮ ಕ್ರೈಸ್ತರ ಮದುವೆಗಳಲ್ಲಿ ಊಟಕ್ಕೆ ಮೊದಲು ಒಬ್ಬರು ಮದುಮಕ್ಕಳ ಬಗ್ಗೆ ನಾಲ್ಕು ಮಾತಾಡಿ, ವೈನಿನ ಗ್ಲಾಸು ಎತ್ತಿ ಶುಭ ಹಾರೈಸಬೇಕು. ಟೋಸ್ಟ್ ಹೇಳುವುದು ಎನ್ನುತ್ತೇವೆ. ಐವತ್ತರ ದಶಕದಲ್ಲಿ ಉಡುಪಿಯಿಂದ ಕಾರ್ಕಳದವರೆಗೆ ಅದಕ್ಕೆ ಮಾಸ್ಟ್ರನ್ನೇ ಕರೆಯುತ್ತಿದ್ದರು.

ಮದುಮಗಳ ಬಣ್ಣ, ಪ್ರಾಯದ ಮೇಲೆ ಅವರು ಎಂದೂ ತಮಾಷೆ ಮಾಡಿದವರಲ್ಲ. ಮೊದಲೇ ಗ್ಲಾಸು ಎತ್ತಿಕೊಂಡು ಮಾತಾಡುವವರನ್ನು ಕಂಡರೆ ಕಿರಿಕಿರಿ. ಜನರ ಕಣ್ಣೆಲ್ಲ ವೈನಿನ ಮೇಲಿರುತ್ತದೆ, ಮಾತು ಯಾರಿಗೆ ಬೇಕು ಎನ್ನುತ್ತಿದ್ದರು. ಮದುವೆಯ ಹಿಂದಿನ ಸಂಜೆ ಮದುಮಗಳ ಮನೆಗೆ ಹೋಗಿ ಅವಳನ್ನೇ ಕೇಳುವುದು ಅವರ ಪದ್ಧತಿ:

"ನಾಳೆ ನಾನು ಹೇಳಬಾರದ್ದು ಎಂತ ಉಂಟು?"

ಅಕ್ಕನ ಎರಡನೆಯ ಮದುವೆಯ ಹಿಂದಿನ ಸಂಜೆಯೂ ಬಂದರು. ಅಕ್ಕನ ಮೊದಲ ಗಂಡ ಕಾಪುವಿನವರು. ಮದುವೆಯಾದ ವರ್ಷವೇ ವಿಷಮಜ್ವರದಲ್ಲಿ ತೀರಿಕೊಂಡಿದ್ದರು. ಅವರ ತಾಯಿಯನ್ನು ಬಿಟ್ಟು ಬರಲು ಅಕ್ಕ ಒಪ್ಪಲಿಲ್ಲ. ಅತ್ತೆಯನ್ನು ನಮ್ಮ ಕೊಂಕಣಿಯಲ್ಲಿ 'ಮಾಂಯ್' ಎನ್ನುವುದು. ಆ ಮಾಂಯೇ ಹಟ ಹಿಡಿದು, ಕಾರ್ಕಳದಲ್ಲಿ ಗಂಡು ಹುಡುಕಿ ಈ ಮದುವೆ ಗೊತ್ತುಮಾಡಿದ್ದು. ಆದರೆ ದೊಡ್ಡಪ್ಪನಿಗೆ ಗಾಬರಿ. ಕಾಪುವಿನ ಮನೆಯ ಸುದ್ದಿ ಎತ್ತಲೇಬಾರದು, ಗಂಡಿನ ಕಡೆಯವರಿಗೆ ಮುಜುಗರ ಎಂದು ಮಾಸ್ಟ್ರಿಗೆ ಮೊದಲೇ ಹೇಳಿಟ್ಟಿದ್ದರು.

ಮಾಸ್ಟ್ರು ಅಕ್ಕನಿಗೂ ಅದೇ ಪ್ರಶ್ನೆ ಹಾಕಿದರು. ಅಕ್ಕ, "ಹೇಳಬಾರದ್ದು ಎಂತದೂ ಇಲ್ಲ ಮಾಸ್ಟ್ರೇ. ಮಾಂಯ್ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತ್ರ ಮಾಡಬೇಡಿ," ಎಂದಳು.

ಮರುದಿನ ಮಾಂಯ್ ಬಂದವರು ಚಪ್ಪರದ ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕೂತರು. ಮಾಸ್ಟ್ರು ಎದ್ದರು. ಮದುಮಗನ ಬಗ್ಗೆ, ಅವರ ಮನೆಯವರ ಬಗ್ಗೆ ಎಂದಿನಂತೆ ಸೊಗಸಾಗಿ ಹೇಳಿದರು. ಮತ್ತೆ ದೊಡ್ಡಪ್ಪನ ಕಡೆ ನೋಡದೆ ಹೇಳಿದರು:

"ಈ ಹುಡುಗಿಯನ್ನು ಇವತ್ತು ಇಬ್ಬರು ತಾಯಂದಿರು ಕಳಿಸಿಕೊಡುತ್ತಿದ್ದಾರೆ. ಒಬ್ಬರು ಹೆತ್ತವರು. ಇನ್ನೊಬ್ಬರು ಮಗನನ್ನು ಕಳೆದುಕೊಂಡು, ಸೊಸೆಯನ್ನು ಮಗಳೆಂದು ಇಟ್ಟುಕೊಂಡವರು. ಅವರು ಹಿಂದೆ ಕೂತಿದ್ದಾರೆ."

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಆಗ ಹೊಸ ಭಾವ ಎದ್ದರು. ಅಕ್ಕನ ಕೈ ಹಿಡಿದು, ತಮ್ಮ ಗ್ಲಾಸು ತೆಗೆದುಕೊಂಡು ಸಾಲುಗಳ ನಡುವೆ ನಡೆದು ಹೋಗಿ ಅದನ್ನು ಮಾಂಯ್ ಕೈಗೆ ಕೊಟ್ಟರು. ಇಬ್ಬರೂ ಬಗ್ಗಿ ಆಶೀರ್ವಾದ ಕೇಳಿದರು. ಮಾಂಯ್ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಗುಟುಕು ಕುಡಿದದ್ದೇ ತಡ, ಬ್ಯಾಂಡಿನವರು ಯಾರೂ ಹೇಳದೆಯೇ ಬಾರಿಸತೊಡಗಿದರು.

ಊಟದ ಹೊತ್ತಿಗೆ ಮಾಸ್ಟ್ರು ನನ್ನ ಪಕ್ಕ ಕೂತರು. ಅನ್ನಕ್ಕೆ ಕೈ ಹಾಕದೆ, "ಸ್ವಲ್ಪ ಹೆಚ್ಚಾಯಿತಾ ಮಾರಾಯ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಆಮೇಲೆ ಚೆನ್ನಾಗಿ ಉಂಡರು.

ಮಾಂಯ್ ಮುಂದೆ ಅಕ್ಕನ ಬಾಣಂತನಕ್ಕೆಂದು ಕಾರ್ಕಳಕ್ಕೆ ಹೋದವರು ಅಲ್ಲೇ ಉಳಿದರು. ಭಾವ ಮರಳಿ ಹೋಗಲು ಬಿಡಲಿಲ್ಲ.

ಅರವತ್ತರ ದಶಕದ ಕೊನೆಗೆ ಮಾಸ್ಟ್ರು ನಿದ್ದೆಯಲ್ಲೇ ತೀರಿಕೊಂಡರು. ಅಕ್ಕ ಮಕ್ಕಳನ್ನೂ ಮಾಂಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಳು. ಇಗರ್ಜಿಯಲ್ಲಿ ಪೆಟ್ಟಿಗೆಯ ಹತ್ತಿರ ನಿಂತಾಗ ಅಕ್ಕನ ದೊಡ್ಡ ಮಗಳು, ಇವರು ನಮಗೆ ಎಂತ ಆಗಬೇಕು ಎಂದು ಕೇಳಿದಳು.

ಮಾಂಯ್ ಅವಳ ತಲೆ ಸವರಿದರು. "ನನ್ನನ್ನು ನಿನಗೆ ಅಜ್ಜಿ ಮಾಡಿಕೊಟ್ಟವರು, ಮಗಾ," ಎಂದರು.