ಒರೆಸಿದರೆ ಹೋಗದ ಹೆಸರು

ನಮ್ಮ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ಒತ್ತು ಕೊಟ್ಟು ಇಟ್ಟಿದ್ದದ್ದು ಒಂದು ಸ್ಫಟಿಕದ ಗಟ್ಟಿ. ಮನೆಗೆ ಬಂದವರು ಅದನ್ನು ಎಡವಿ, ಬಗ್ಗಿ ನೋಡಿ, ಇಷ್ಟು ಚೆಂದದ್ದನ್ನು ಯಾರಾದರೂ ನೆಲದ ಮೇಲೆ ಇಡುತ್ತಾರೆಯೇ ಎಂದು ಕೇಳುತ್ತಿದ್ದರು. ಅಪ್ಪ ನಿವೃತ್ತನಾದಾಗ ಪಂಪು ತಯಾರಿಸುವ ಕಾರ್ಖಾನೆಯವರು ವೇದಿಕೆಗೆ ಕರೆದು ಕೊಟ್ಟ ಪ್ರಶಸ್ತಿ ಅದು. ಮೇಲೆ ಕಂಪನಿಯ ಲೋಗೋ, ಉಗುರು ಸಿಕ್ಕಿಕೊಳ್ಳುವಷ್ಟು ಆಳಕ್ಕೆ ಕೊರೆದದ್ದು. ಅದರ ಕೆಳಗೆ ಅಪ್ಪನ ಹೆಸರಿರಬೇಕಾದ ಜಾಗ ಖಾಲಿ. ಹೆಸರನ್ನು ಕೊರೆದಿರಲಿಲ್ಲ, ಮೇಲೆ ಬರೀ ಬಣ್ಣದಲ್ಲಿ ಅಚ್ಚು ಹಾಕಿದ್ದರು. ಅಪ್ಪ ಅದನ್ನು ಶೋಕೇಸಿನಲ್ಲಿಟ್ಟು, ಗಾಜು ಒರೆಸುವ ನೀಲಿ ನೀರು ಚಿಮುಕಿಸಿ, ದಿನಾ ಬೆಳಿಗ್ಗೆ ಉಜ್ಜಿದ್ದೇ ಉಜ್ಜಿದ್ದು. ಮೊದಲು ಇನಿಷಿಯಲ್ ಹೋಯಿತು, ಆಮೇಲೆ ಹುದ್ದೆ, ಕೊನೆಗೆ ಹೆಸರು.

ಆ ಗಟ್ಟಿಯನ್ನು ಮಾಡಿದವಳು ನನ್ನ ಅತ್ತಿಗೆಯೇ. ಇದು ನಮ್ಮ ಮನೆಯ ದೊಡ್ಡ ತಮಾಷೆ, ಆದರೆ ನಗುವವರು ಯಾರೂ ಇಲ್ಲ.

ಪೇಟೆಯ ಹಿಂದಿನ ಬೀದಿಯಲ್ಲಿ, ಬೈಂಡಿಂಗ್ ಅಂಗಡಿಗೂ ಟೈರ್ ಅಂಗಡಿಗೂ ನಡುವೆ, ಪ್ರಶಸ್ತಿ ಫಲಕ ಮಾಡಿಕೊಡುವ ಅಂಗಡಿಯಿದೆ. ಅಲ್ಲಿ ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತೇನೆ, ಅತ್ತಿಗೆ ಕೆತ್ತುತ್ತಾಳೆ. ಗಾಜಿಗೆ ಅಂಟು ಹಾಳೆ ಹಚ್ಚಿ, ಅಕ್ಷರದ ಆಕಾರವನ್ನಷ್ಟೇ ಕತ್ತರಿಸಿ ತೆಗೆದು, ಪೆಟ್ಟಿಗೆಯೊಳಗೆ ಕೈ ತೂರಿಸಿ ಜೋರು ಗಾಳಿಯಲ್ಲಿ ಮರಳು ಊದುತ್ತಾಳೆ. ತೆರೆದ ಜಾಗ ಮಾತ್ರ ಕೊರೆದುಕೊಳ್ಳುತ್ತದೆ. ಬಣ್ಣ ಬೇಕು ಎನ್ನುವವರಿಗೆ ಮೂಲೆಯಲ್ಲಿ ಪ್ರಿಂಟಿಂಗ್ ಮೆಷಿನ್ ಇದೆ. ಅದನ್ನು ನೋಡಿಕೊಳ್ಳುವವಳೂ ಅವಳೇ, ಆದರೆ ಅದರ ಬಗ್ಗೆ ಅವಳದು ಮಲತಾಯಿ ಧೋರಣೆ. ಸಂಜೆ ಮನೆಗೆ ಬರುವಾಗ ಅವಳ ಹುಬ್ಬಿನ ತುಂಬ ಬಿಳಿ ಪುಡಿ, ಮೂಗಿನ ತುದಿಯಲ್ಲಿ ಸಿಟ್ಟು. ಮುಖ ತೊಳೆಯುವ ತನಕ ಯಾರೊಂದಿಗೂ ಮಾತಿಲ್ಲ. ತೊಳೆದ ಮೇಲೂ ಹೆಚ್ಚೇನಿಲ್ಲ.

ಅಪ್ಪನ ಹೆಸರನ್ನೂ ಕೆತ್ತಬೇಕೆಂದು ಆಗಲೇ ಅವಳು ಹಟ ಹಿಡಿದಿದ್ದಳು. ಕಂಪನಿಯವರು ಕೇಳಲಿಲ್ಲ. ಲೋಗೋ ಬದಲಾಗುವುದಿಲ್ಲ, ಅದನ್ನು ಮೊದಲೇ ಕೊರೆದಿಡಿ. ಹೆಸರುಗಳು ಕೊನೆಯ ಗಳಿಗೆಯವರೆಗೂ ಬದಲಾಗುತ್ತವೆ, ಅವನ್ನು ಅಚ್ಚು ಹಾಕಿ ಮುಗಿಸಿ ಅಂದರು. ಹೆಸರು ಅಳಿಸಿಹೋದ ಮೇಲೆ, ಅಂಗಡಿಗೆ ಒಯ್ದು ಕೆತ್ತಿಕೊಂಡು ಬರುತ್ತೇನೆ ಎಂದು ಅವಳು ಅಪ್ಪನಿಗೆ ಹೇಳಿ ನೋಡಿದಳು.

"ಕೊಟ್ಟೋರು ಬರೆದಿದ್ದೇ ಹೋಯ್ತು. ಮನೆಯವ್ರು ಬರ್ಕೊಂಡ್ರೆ ಅದಕ್ಕೇನಮ್ಮ ಅರ್ಥ?" ಎಂದ ಅಪ್ಪ, ಅದನ್ನು ಶೋಕೇಸಿನಿಂದ ತೆಗೆದು ಬಾಗಿಲಿನ ಬುಡಕ್ಕೆ ಇಟ್ಟುಬಿಟ್ಟ. ಅಂದಿನಿಂದ ಅತ್ತಿಗೆ ಅಡುಗೆಮನೆಗೆ ಹೋಗಿ ಬರುವಾಗೆಲ್ಲ ಅದನ್ನು ದಾಟಿಕೊಂಡೇ ಓಡಾಡಬೇಕಾಯಿತು.

ಈ ವರ್ಷ ಅದೇ ಕಾರ್ಖಾನೆಯಿಂದ ಮತ್ತೆ ಕೆಲಸ ಬಂತು. ಅಪಘಾತವಿಲ್ಲದೆ ಬಹುಕಾಲ ದುಡಿದವರಿಗೆ ಸ್ಫಟಿಕದ ಪ್ರಶಸ್ತಿ. ಎರಕದ ವಿಭಾಗದಲ್ಲಿರುವ ನಮ್ಮಣ್ಣನ ಹೆಸರೂ ಅದರಲ್ಲಿತ್ತು. ಅಣ್ಣ ಊಟ ಮಾಡುತ್ತಾ, ಪಕ್ಕದ ಮನೆಯವರ ಸುದ್ದಿಯೇನೋ ಎಂಬಂತೆ ಇದನ್ನು ಹೇಳಿದ. ಅತ್ತಿಗೆಯ ಕೈ ತಟ್ಟೆಯಲ್ಲೇ ನಿಂತಿತು. ಮರುದಿನ ಅಂಗಡಿಗೆ ನಡೆಯುವಾಗ ನನಗೆ ಹೇಳಿದಳು: "ಇವ್ರ ಹೆಸ್ರು ಮಾತ್ರ ಅಚ್ಚಲ್ಲಿ ಹೋಗೋಕೆ ನಾನು ಬಿಡಲ್ಲ. ಒಂದೇ ಮನೇಲಿ ಎರಡು ಬಾಗಿಲಿಗೆ ಒತ್ತು ಬೇಡ."

ಕಂಪನಿಯ ಪ್ರಚಾರ ವಿಭಾಗದಿಂದ ಬಂದವರಿಗೆ ನಾವಿಬ್ಬರೂ ಬಣ್ಣದ ಸಾಹೇಬರು ಎಂದು ಹೆಸರಿಟ್ಟೆವು. ಬದಲಾಗುವುದೇ ಇಲ್ಲ ಎಂದಿದ್ದ ಲೋಗೋ ಅಷ್ಟರಲ್ಲಿ ಬದಲಾಗಿತ್ತು. ಈಗ ಅದೊಂದು ನೀರಿನ ಹನಿ. ಬುಡದಲ್ಲಿ ಕಡುನೀಲಿ, ಮೇಲೇರುತ್ತ ಹಸಿರಾಗಿ, ತುದಿಯಲ್ಲಿ ಹಳದಿಯಾಗಿ ಒಂದರೊಳಗೊಂದು ಕರಗುತ್ತಿತ್ತು. ಅದನ್ನು ಆಳವಾಗಿ ಕೊರೆಯಬೇಕು, ಆ ಬಣ್ಣಗಳೂ ಹಾಗೇ ಬರಬೇಕು ಎಂದರು. ಕೊರೆದ ಗುಳಿಗೆ ಒಂದೊಂದೇ ಬಣ್ಣ ತುಂಬಬಹುದು, ಬಣ್ಣ ಬಣ್ಣದೊಳಗೆ ಕರಗಬೇಕಾದರೆ ಅಚ್ಚೇ ಗತಿ ಎಂದು ಅತ್ತಿಗೆ ಹೇಳಿದಳು. ಅವರು ತಲೆಯಾಡಿಸಿ, ಸರಿ, ಹಾಗಾದರೆ ಕೊರೆದೇ ಬಣ್ಣ ಬರಿಸಿ ಅಂದರು. ನಾನು ಕಂಪ್ಯೂಟರಿನ ಹಿಂದೆ ಹಣೆ ಚಚ್ಚಿಕೊಂಡೆ.

ಮಾದರಿಯ ಮೇಲೆ ಮಾದರಿ ಮಾಡಿದೆವು. ಅಚ್ಚು ಹಾಕಿದರೆ, ಈ ನೀಲಿ ನಮ್ಮ ನೀಲಿಯಲ್ಲ ಎಂದರು. ಗಾಜಿನಾಚೆಯ ಬೆಳಕು ತೂರಿ ಬಂದು ಬಣ್ಣ ತೆಳುವಾಗಿ ಕಾಣುತ್ತದೆಂದು ಅತ್ತಿಗೆ ಅಡಿಯಲ್ಲಿ ಬಿಳಿ ಹಾಕಿ ತೋರಿಸಿದಳು. ನೀಲಿ ಸರಿಯಾಯಿತು, ಆದರೆ ಹಿಂದಿನಿಂದ ನೋಡಿದರೆ ಬಿಳಿ ಕಾಣುತ್ತದೆ ಎಂದು ಮುಖ ಸಿಂಡರಿಸಿದರು. ಟ್ಯೂಬ್‌ಲೈಟಿನ ಕೆಳಗೆ ನೋಡಿದರು, ಬೀದಿಗೆ ಒಯ್ದು ಬಿಸಿಲಿಗೆ ಹಿಡಿದರು, ಮೊಬೈಲಿನ ಪರದೆಯ ಪಕ್ಕದಲ್ಲಿಟ್ಟರು. ಟೈರ್ ಅಂಗಡಿಯವನೂ ಬಂದು ಒಂದು ಅಭಿಪ್ರಾಯ ಕೊಟ್ಟು ಹೋದ. ಹೆಸರುಗಳ ಮಾತೆತ್ತಿದರೆ ಸಾಹೇಬರದು ಒಂದೇ ಉತ್ತರ: ಅದೇನು, ಎಂದಿನಂತೆ ಅಚ್ಚು ಹಾಕಿಬಿಡಿ.

ಅಚ್ಚು ಒರೆಸಿದರೆ ಹೋಗುತ್ತದೆ ಎಂದಳು ಅತ್ತಿಗೆ. ಫೋಟೋ ತೆಗೆದ ಮೇಲೆ ಅದನ್ನು ಯಾರು ಒರೆಸುತ್ತಾ ಕೂರುತ್ತಾರೆ ಎಂದು ಅವರು ನಕ್ಕರು.

ಮರುದಿನ ಅತ್ತಿಗೆ ಅಡುಗೆಮನೆಯ ಬಾಗಿಲಿಗಿಟ್ಟಿದ್ದ ಗಟ್ಟಿಯನ್ನು ಚೀಲದಲ್ಲಿ ಹೊತ್ತು ತಂದು, ಸಾಹೇಬರು ಬಂದ ಕೂಡಲೇ ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ಎತ್ತಿ, ತಿರುಗಿಸಿ, ಲೋಗೋದ ಮೇಲೆ ಬೆರಳಾಡಿಸಿದರು. "ನೋಡಿ, ನಮ್ಮ ಹಳೇ ಲೋಗೋ ಇವತ್ತಿಗೂ ಎಷ್ಟು ಚೆನ್ನಾಗಿ ಕೂತಿದೆ. ಕ್ವಾಲಿಟಿ ಅಂದ್ರೆ ಇದು."

ಕೆಳಗಿನ ಖಾಲಿ ಜಾಗ ಅವರ ಕಣ್ಣಿಗೆ ಬೀಳಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಏನಾದರೂ ಅಂದುಬಿಡುತ್ತಿದ್ದೆ. ಅತ್ತಿಗೆ ಮೇಜಿನಡಿ ನನ್ನ ಕಾಲು ತುಳಿದಳು. ಆಮೇಲೆ ಎಂದೂ ಇಲ್ಲದ ತಣ್ಣನೆಯ ದನಿಯಲ್ಲಿ ಹೇಳಿದಳು: ನಿಮ್ಮ ಬಣ್ಣ ನಿಮಗೆ ಹಾಗೇ ಬೇಕೆಂದರೆ ಲೋಗೋವನ್ನು ಅಚ್ಚು ಹಾಕೋಣ, ಹೆಸರುಗಳನ್ನು ಕೆತ್ತೋಣ, ಎರಡೂ ಚೆನ್ನಾಗಿ ಕಾಣುತ್ತವೆ. ದಿನಾ ಒರೆಸಿದರೆ ಲೋಗೋ ಹೋಗಬಹುದು, ಆಮೇಲೆ ನನ್ನ ಮೇಲೆ ಹೇಳಬೇಡಿ ಎಂದೂ ಸೇರಿಸಿದಳು. ಸಾಹೇಬರು ಯೋಚಿಸಿದರು. ಲೋಗೋ ಹೇಗೂ ಇನ್ನೊಮ್ಮೆ ಬದಲಾಗುವ ಮಾತಿದೆ, ಬಣ್ಣ ಸರಿ ಬಂದರೆ ಸಾಕು ಎಂದು ಒಪ್ಪಿಕೊಂಡರು. ಕೆತ್ತಿದ ಮೇಲೆ ಹೆಸರು ಬದಲಾಯಿಸಲು ಆಗುವುದಿಲ್ಲ ಎಂಬ ಮಾತಿಗೂ ಹೂಂ ಅಂದರು. ಅಪ್ಪನ ಗಟ್ಟಿ ಸಂಜೆ ಮತ್ತೆ ಬಾಗಿಲಿನ ಬುಡಕ್ಕೆ ಮರಳಿತು.

ಅತ್ತಿಗೆ ಅಣ್ಣನ ಹೆಸರನ್ನು ಎಲ್ಲದಕ್ಕಿಂತ ಕೊನೆಗೆ ಉಳಿಸಿಕೊಂಡಳು. ಅವತ್ತು ಮರಳಿನ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು. ಹಾಳೆ ಕಿತ್ತು, ನೀರಲ್ಲಿ ತೊಳೆದು, ತನ್ನ ಕಪ್ಪು ಏಪ್ರನ್ನಿಗೆ ಒತ್ತಿ ಹಿಡಿದಾಗ ಅಕ್ಷರಗಳು ಬೆಳ್ಳಗೆ ಎದ್ದು ನಿಂತವು. ಅವಳು ನಕ್ಕದ್ದನ್ನು ನಾನು ನೋಡಿದೆ. ಕೇಳಿದರೆ ಇಲ್ಲ ಎನ್ನುತ್ತಾಳೆ.

ಸಮಾರಂಭದ ಹಿಂದಿನ ದಿನ ಸಾಹೇಬರು ಪ್ರಶಸ್ತಿಗಳನ್ನು ಒಯ್ಯಲು ಬಂದರು. ಎಲ್ಲವನ್ನೂ ನೋಡಿ ಮೆಚ್ಚಿದರು, ಒಂದನ್ನು ಮಾತ್ರ ಪಕ್ಕಕ್ಕೆ ಸರಿಸಿದರು. ಅಣ್ಣನದು. ಈ ವರ್ಷ ಇವರ ಕಾಲಿಗೆ ಪೆಟ್ಟಾಗಿ ರಜೆ ಹಾಕಿದ್ದಾರಂತೆ, ಹಾಗಾಗಿ ಇವರನ್ನು ಕೈಬಿಟ್ಟಿದೆ ಎಂದರು. ಪೆಟ್ಟಾದದ್ದು ನಿಜ. ಬೇರೆ ಯಾರೋ ಹಿಂದೆ ಮುಂದೆ ನೋಡದೆ ತಳ್ಳಿದ ಗಾಡಿ ಅಣ್ಣನ ಹೆಬ್ಬೆರಳ ಮೇಲೆ ಹತ್ತಿತ್ತು. ಅದನ್ನು ನಾನು ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ನಿಯಮ ನಿಯಮವೇ ಎಂದರು ಸಾಹೇಬರು. ಜೊತೆಗೆ, ಈ ಗಟ್ಟಿಯನ್ನು ತಮ್ಮ ಎದುರಿಗೇ ಒಡೆದುಹಾಕಬೇಕು, ಕೊಡದ ಪ್ರಶಸ್ತಿಯ ಮೇಲೆ ಕಂಪನಿಯ ಲೋಗೋ ಹೊರಗೆ ಹೋಗಬಾರದು ಎಂದರು.

ಅತ್ತಿಗೆ ಆ ಗಟ್ಟಿಯನ್ನು ತನ್ನತ್ತ ಎಳೆದುಕೊಂಡಳು. "ಲೋಗೋ ಹೊರಗೆ ಹೋಗಬಾರ್ದು. ಅಷ್ಟೇ ತಾನೆ, ಸಾರ್?"

ಅಷ್ಟೇ ಎಂದರು.

ಅವಳು ಬಟ್ಟೆಗೆ ಥಿನ್ನರ್ ಸುರಿದು ಆ ಹನಿಯ ಮೇಲೆ ಒತ್ತಿ ಹಿಡಿದಳು. ಮೆತ್ತಗಾದದ್ದನ್ನು ಬ್ಲೇಡಿನಿಂದ ಹೆರೆದಳು. ಅಷ್ಟು ಜಗಳವಾಡಿ ತಂದ ನೀಲಿ, ಹಸಿರು, ಹಳದಿ ಎಲ್ಲ ಕಲಸಿಕೊಂಡು ಬಟ್ಟೆಗೆ ಮೆತ್ತಿಕೊಂಡವು. ಸ್ಫಟಿಕದ ಮೇಲ್ಭಾಗ ತಿಳಿಯಾಯಿತು. "ತಗೊಳ್ಳಿ, ನಿಮ್ದು ಹೋಯ್ತು," ಎಂದು ಬಟ್ಟೆಯನ್ನು ಅವರ ಮುಂದಿಟ್ಟಳು. "ಇನ್ನು ಉಳಿದಿರೋದು ನಮ್ಮನೆಯವ್ರ ಹೆಸ್ರು."

ಸಾಹೇಬರು ಒಮ್ಮೆ ಹೆಸರನ್ನು, ಒಮ್ಮೆ ಅವಳನ್ನು ನೋಡಿದರು. ಪೆಟ್ಟಿಗೆಗಳನ್ನು ಗಾಡಿಗೆ ಹಾಕಿಸಿಕೊಂಡು ಹೋದರು. ಅವರು ಹೋದ ಮೇಲೆ ಅತ್ತಿಗೆ ಹಿಂದಿನ ಕೋಣೆಗೆ ಹೋಗಿ ಅತ್ತಳು. ಗಾಜಿನ ಪುಡಿ ಕಣ್ಣಿಗೆ ಬಿತ್ತು ಎಂದು ನೆಪ ಹೇಳುವುದಕ್ಕೂ ಅವಳಿಗೆ ಬೇಜಾರಾಗಿತ್ತು.

ಅಣ್ಣ ಮನೆಯಲ್ಲಿ, ಹೋಗಲಿ ಬಿಡು, ಹೆಬ್ಬೆರಳು ಉಳಿಯಿತಲ್ಲ ಎಂದ. ನಿಮ್ಮ ಈ ಹೋಗಲಿ ಬಿಡು ಒಂದು ಹೋದರೆ ಸಾಕು ನನಗೆ ಎಂದು ಅತ್ತಿಗೆ ರೇಗಿದಳು. ಅಪ್ಪ ಅವಳು ಮನೆಗೆ ತಂದಿದ್ದ ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ನೀಲಿ ನೀರು ಚಿಮುಕಿಸಿ, ಬಟ್ಟೆ ಹಾಕಿ ಬಲವಾಗಿ ಉಜ್ಜಿದ. ಕನ್ನಡಕ ಏರಿಸಿಕೊಂಡು ನೋಡಿದ. ಮತ್ತೆ ಉಜ್ಜಿದ. ಮಗನ ಹೆಸರು ಇದ್ದಲ್ಲೇ ಇತ್ತು. ಎದ್ದು ಹೋಗಿ ಅದನ್ನು ಶೋಕೇಸಿನಲ್ಲಿ ತನ್ನದಿದ್ದ ಜಾಗದಲ್ಲಿಟ್ಟ.

ಬೆಳಿಗ್ಗೆ ನಾವು ಹೊರಡುವಾಗ ಅಪ್ಪ ಬಾಗಿಲ ಬಳಿ ನಿಂತಿದ್ದ. ಕೈಯಲ್ಲಿ ಅವನ ಗಟ್ಟಿ, ತೊಳೆದು ಒರೆಸಿ ಹಳೆಯ ಟವೆಲಿನಲ್ಲಿ ಸುತ್ತಿದ್ದು.

"ಮನೆಯವ್ರು ಬರೆದ್ರೆ ಅರ್ಥ ಇಲ್ಲ ಅಂದಿದ್ರಿ, ಮಾವ," ಎಂದಳು ಅತ್ತಿಗೆ.

"ಅಂದಿದ್ದೆ," ಎಂದ ಅಪ್ಪ. "ಆಳವಾಗಿ ಬರಿಯಮ್ಮ."

ಆಮೇಲಿನ ಕಾಟ ಕೇಳಬೇಡಿ. ಇನಿಷಿಯಲ್ ಬೇಕು ಎಂದ, ಬೇಡ ಎಂದ. ಹುದ್ದೆ ಹೆಸರಿನ ಮೇಲಿರಲಿ, ಅಲ್ಲ ಕೆಳಗಿರಲಿ ಎಂದ. ಮಧ್ಯಾಹ್ನ ಅಂಗಡಿಗೆ ಫೋನ್ ಮಾಡಿ, ಸ್ವಲ್ಪ ಬಣ್ಣ ಬರಿಸಲು ಆಗುತ್ತದೆಯೇ ಎಂದು ಕೇಳಿದ. ಇವರಿಗಿಂತ ಆ ಸಾಹೇಬರೇ ವಾಸಿ ಎಂದು ಅತ್ತಿಗೆ ಫೋನನ್ನು ನನ್ನ ಕೈಗೆ ತುರುಕಿ, ಪೆಟ್ಟಿಗೆಯೊಳಗೆ ಕೈ ಹಾಕಿದಳು.

ಈಗ ಎರಡೂ ಶೋಕೇಸಿನಲ್ಲಿವೆ. ಗಾಳಿ ಬಂದಾಗೆಲ್ಲ ಅಡುಗೆಮನೆಯ ಬಾಗಿಲು ದಡ್ ಎಂದು ಬಡಿದುಕೊಳ್ಳುತ್ತದೆ. ಅದಕ್ಕೊಂದು ಒತ್ತು ಇಡಬೇಕೆಂದು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ.