ಬಲಗಡೆಯ ಮಳೆ

ನನ್ನ ಸಿನಿಮಾ ಹುಚ್ಚು ಬನಶಂಕರಿಯ ನಮ್ಮ ಬೀದಿಗೆಲ್ಲ ಗೊತ್ತು. ಜನವೆಲ್ಲ ಮೊಬೈಲಿನಲ್ಲಿ ಅಂಗೈಯಗಲದ ಸಿನಿಮಾ ನೋಡುತ್ತಿರುವ ಕಾಲದಲ್ಲಿ ನಾನು ಬ್ಲೂ-ರೇ ಪ್ಲೇಯರ್ ತಂದೆ. ಹಳೆಯ ಡಿವಿಡಿ ಪ್ಲೇಯರು, ಗೊರಗೊರ ಅನ್ನುವ ಅದರ ಸ್ಪೀಕರುಗಳು ಅಟ್ಟ ಸೇರಿದವು. ಟಿವಿಯ ಎಡಕ್ಕೊಂದು ಬಲಕ್ಕೊಂದು ಸೊಂಟದೆತ್ತರದ ಹೊಸ ಸ್ಪೀಕರು ಬಂದು ನಿಂತವು, ಮೂಲೆಗೆ ವೂಫರು.

"ಇರೋ ಬರೋ ಜಾಗಕ್ಕೆಲ್ಲ ಡಬ್ಬ ಇಟ್ರಿ. ನಾವು ಕೂರೋದೆಲ್ಲಿ?" ಅಂದಳು ಹೆಂಡತಿ. ನಿವೃತ್ತನಾದ ಮೇಲೆ ನನಗೆ ಉಳಿದ ಚಟ ಇದೊಂದೇ.

ಜೋಡಿಸಲು ಬಂದ ಅಂಗಡಿಯವನು ಎರಡೂ ಕಡೆಯಿಂದ ಸದ್ದು ಹೊರಡಿಸಿ ತೋರಿಸಿದ. ಚೆನ್ನಾಗಿ ಕೇಳಿಸಿತು. "ಹಿಂದೆ ವೈರು ಬರೀ ಸಿಕ್ಕಿಸಿರೋದು ಸಾರ್, ಎಳೀಬೇಡಿ," ಎಂದು ಹೇಳಿ ಹೋದ.

ಮಾರನೆಯ ದಿನ ಆಯುಧ ಪೂಜೆ. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮವಿಟ್ಟ ಹೆಂಡತಿ, ತಾನು ಬೈದ ಸ್ಪೀಕರುಗಳನ್ನೂ ಬಿಡಲಿಲ್ಲ. ಎರಡಕ್ಕೂ ಸೇವಂತಿಗೆ ಹಾರ ಸುತ್ತಿ, ಜಾರದ ಹಾಗೆ ಹಿಂದಕ್ಕೆ ಬಿಗಿಯಾಗಿ ಗಂಟು ಹಾಕಿದಳು. ಊಟವಾದ ಮೇಲೆ ಇಬ್ಬರೂ ಸೋಫಾದಲ್ಲಿ ಕೂತು ಸಿನಿಮಾ ಹಾಕಿದೆವು.

ಸಿನಿಮಾದಲ್ಲಿ ಮಳೆ ಶುರುವಾಯಿತು. ಎಡಗಡೆ ಒಂದೊಂದು ಹನಿಯೂ ಕೇಳುತ್ತಿತ್ತು. ಬಲಗಡೆ ಮಳೆಯೇ ಇಲ್ಲ.

"ಬಲಗಡೆ ಮಳೆ ಕೇಳ್ತಿದ್ಯಾ ನಿಂಗೆ?"

"ಕೇಳ್ತಿದೆಯಲ್ರೀ. ಚೆನ್ನಾಗಿದೆ."

ಅವಳಿಗೆ ಕೇಳುತ್ತಿದೆ, ನನಗಿಲ್ಲ.

ನಮ್ಮಪ್ಪನಿಗೂ ಮೊದಲು ಹೋದದ್ದು ಬಲಗಿವಿಯೇ. ನನ್ನ ಈಗಿನ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಎದ್ದಾಗ ಹೋಗಿಬಿಟ್ಟಿತ್ತು. ವರ್ಷ ತಿರುಗುವುದರೊಳಗೆ ಎಡಗಿವಿಯೂ ಅದೇ ಹಾದಿ ಹಿಡಿಯಿತು. ಬಂದ ನೆಂಟರು ಅವರ ಎದುರಿಗೇ "ಎಮ್ಮೆ ಮೇಲೆ ಮಳೆ ಹುಯ್ದ ಹಾಗೆ" ಅನ್ನುತ್ತಿದ್ದರು. ಕೊನೆಕೊನೆಗೆ ಅಪ್ಪ ಯಾರು ಏನಂದರೂ ನಕ್ಕು ಹೂಂ ಅನ್ನುವುದನ್ನು ಕಲಿತಿದ್ದರು. ಕಾಫಿ ಬೇಕಾ ಅಂದರೂ ಹೂಂ, ಯಾರೋ ತೀರಿಕೊಂಡರು ಅಂದರೂ ಹೂಂ.

ಆಮೇಲಿನ ದಿನಗಳೆಲ್ಲ ಹೆದರಿಕೆಯಲ್ಲೇ ಕಳೆದವು. ಬಚ್ಚಲ ಬಾಗಿಲು ಹಾಕಿಕೊಂಡು ಬಲಗಿವಿಯ ಹತ್ತಿರ ಬೆರಳು ಉಜ್ಜಿ ನೋಡುತ್ತಿದ್ದೆ. ಒಮ್ಮೆ ಕೇಳಿದ ಹಾಗೆ, ಇನ್ನೊಮ್ಮೆ ಇಲ್ಲದ ಹಾಗೆ. ಫೋನನ್ನು ಎಡಗಿವಿಗೆ ಬದಲಾಯಿಸಿದೆ. ಜಯನಗರದಲ್ಲಿ ಕಿವಿ ಡಾಕ್ಟರ ಬೋರ್ಡು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ. ಟಿವಿಗೆ ಬೆನ್ನು ಹಾಕಿ ಕೂತು, ಎಡಗಡೆಯ ಸ್ಪೀಕರಿಗೆ ಬಲಗಿವಿ ಕೊಟ್ಟು ಕೇಳಿದ್ದರೆ, ತಪ್ಪು ಕಿವಿಯದೋ ಸ್ಪೀಕರಿನದೋ ಒಂದು ಗಳಿಗೆಯಲ್ಲಿ ಇತ್ಯರ್ಥವಾಗುತ್ತಿತ್ತು. ಕೂರಲಿಲ್ಲ. ಕಿವಿಯದೇ ಅಂತ ಗೊತ್ತಾಗಿಬಿಟ್ಟರೆ ಏನು ಗತಿ? ಹೆಂಡತಿಗೂ ಬಾಯಿ ಬಿಡಲಿಲ್ಲ. ಒಂದು ಸಂಜೆ ಅವಳು ವಾರ್ತೆಯ ಸೌಂಡು ಜಾಸ್ತಿ ಮಾಡಿದಳು. ಓಹೋ, ಇವಳಿಗೆ ತಿಳಿದುಹೋಗಿದೆ, ನನಗೋಸ್ಕರವೇ ಹೆಚ್ಚಿಸುತ್ತಿದ್ದಾಳೆ ಎಂದು ಇನ್ನಷ್ಟು ಕುಗ್ಗಿದೆ.

ಹೂವು ಕೊಳೆತು ವಾಸನೆ ಬಂದಾಗ ಹಾರ ತೆಗೆಯಲು ಹೋದೆ. ಬಲಗಡೆಯ ಸ್ಪೀಕರಿನ ಹಿಂದೆ ಹಾರದ ದಾರಕ್ಕೆ ವೈರೂ ಸೇರಿ ಗಂಟು ಬಿದ್ದಿತ್ತು. ವೈರಿನ ತುದಿ ಕಿತ್ತು ಬಂದು ನೇತಾಡುತ್ತಿತ್ತು. ಪೂಜೆಯಾದಾಗಿನಿಂದ ಆ ಸ್ಪೀಕರು ಸೊಲ್ಲೇ ಎತ್ತಿರಲಿಲ್ಲ.

ವೈರು ಸಿಕ್ಕಿಸಿ ಅದೇ ದೃಶ್ಯ ಹಾಕಿದೆ. ಬಲಗಡೆ ಧೋ ಎಂದು ಮಳೆ. ನಾನು ನೆಲದ ಮೇಲೆಯೇ ಕೂತು, ಕಣ್ಣೊರೆಸಿಕೊಳ್ಳುತ್ತ ನಕ್ಕೆ. ಹೆಂಡತಿಯನ್ನು ಕೂಗಿದೆ. ಮತ್ತೆ ಕೂಗಿದೆ. ಬರಲಿಲ್ಲ. ಅಡುಗೆಮನೆಗೆ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬಿದ್ದಳು. ಕೈಹಿಡಿದು ಕರೆತಂದು ಸೋಫಾದಲ್ಲಿ ಕೂರಿಸಿದೆ.

"ಹಾರ ಹಾಕಿ ಇದರ ಬಾಯೇ ಕಟ್ಟಿಬಿಟ್ಟಿದ್ದೆ ಕಣೇ ನೀನು. ಈಗ ಕೇಳು, ಬಲಗಡೆ ಮಳೆ."

"ಅವತ್ತೇ ಹೇಳಿದ್ನಲ್ಲ, ಕೇಳ್ತಿದೆ ಅಂತ."

ನನ್ನ ನಗು ಅಲ್ಲಿಗೇ ನಿಂತಿತು. ಅವತ್ತು ವೈರು ಕಿತ್ತುಹೋಗಿತ್ತು. ಬಲಗಡೆ ಕೇಳಲು ಏನೂ ಇರಲಿಲ್ಲ.

ಅವಳು ಟಿವಿ ನೋಡುತ್ತಿರಲಿಲ್ಲ. ನನ್ನ ತುಟಿ ನೋಡುತ್ತಿದ್ದಳು. ಎಷ್ಟು ಕಾಲದಿಂದ ಹೀಗೆ ನೋಡುತ್ತಿದ್ದಾಳೋ, ನಾನು ಗಮನಿಸಿಯೇ ಇರಲಿಲ್ಲ. ಅವಳಿಗೆ ಕಾಣದ ಹಾಗೆ ರಿಮೋಟಿನಲ್ಲಿ ಸದ್ದನ್ನು ಪೂರ್ತಿ ಇಳಿಸಿದೆ. ಪರದೆಯ ಮೇಲೆ ಮಳೆ ಸುರಿಯುತ್ತಲೇ ಇತ್ತು.

"ಈಗ ಮಳೆ ಕೇಳ್ತಿದ್ಯಾ?"

ಅವಳು ನಕ್ಕು "ಹೂಂ" ಅಂದಳು.

ಆಮೇಲೆ ನನ್ನ ಮುಖ ಸರಿಯಾಗಿ ನೋಡಿದಳು. ಹತ್ತಿರ ಸರಿದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಬಲಗಿವಿಯ ಮೇಲೆ ಇಟ್ಟಳು.

"ಯಾಕ್ರೀ, ನಿಮಗೆ ಕೇಳಿಸ್ತಿಲ್ವಾ?"