ಇಸ್ತ್ರಿ ಹಚ್ಚದೆ ಕಳಿಸಿದ ಹದಿನಾಲ್ಕು ಟೀ ಶರ್ಟು

ಆ ದಿನ ನಮ್ಮ ಪಡಸಾಲೆಯಲ್ಲಿ ಐದು ಮಂದಿ ಇದ್ದೆವು. ನೇಸರಗಿಯಿಂದ ಬಂದಿದ್ದ, ಹುಡುಗಿಯರಿಗೆ ಕಬಡ್ಡಿ ಕಲಿಸುವ ಪಾಟೀಲ ಮಾಸ್ತರು. ಅವರ ಜೊತೆ ತಂಡದ ನಾಯಕಿ ರೇಶ್ಮಾ. ಕಂಬಕ್ಕೆ ಆತುಕೊಂಡು ಕೂತ ನಮ್ಮವ್ವ. ಒಳಬಾಗಿಲ ಹೊಸ್ತಿಲಲ್ಲಿ ನಿಂತ ವೈನಿ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ ಶಾಂತವ್ವ. ಮತ್ತೆ ನಾನು. ಐವರಲ್ಲಿ ಸುಳ್ಳು ಹೇಳಿದವನು ನಾನು. ಅದು ಸುಳ್ಳು ಅನ್ನುವುದು ನನಗೂ ವೈನಿಗೂ ಮಾತ್ರ ಗೊತ್ತಿತ್ತು — ಒಂಬತ್ತು ವರ್ಷ ಹಾಗೆಯೇ ಇತ್ತು.

ಮೊದಲೇ ಹೇಳಿಬಿಡುತ್ತೇನೆ. ಅಜ್ಜ-ಅಜ್ಜಿಯರ ಬಾಯಿಂದ ಮಾತು ಕಲಿತವನು ನಾನು, ಹೇಳುತ್ತ ಹೇಳುತ್ತ ಕೇಳುವವರನ್ನು ಬೇರೆ ದಾರಿಗೆ ಹಚ್ಚಿಬಿಡುವ ಚಟ ನನಗಿದೆ. ಅದಕ್ಕೇ ಮೊದಲೇ. ತಪ್ಪು ನನ್ನದು. ಹೊರಿಸಿದ್ದು ವೈನಿಯ ಮೇಲೆ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಟೀ ಶರ್ಟಿನ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದವನು ಅಣ್ಣ. ದೊಡ್ಡ ಯಂತ್ರ ಏನಿಲ್ಲ. ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಕಟ್ಟಿಗೆಯ ಚೌಕಟ್ಟುಗಳು, ಅವಕ್ಕೆ ಬಿಗಿದ ಸಣ್ಣ ಕಣ್ಣಿನ ಬಟ್ಟೆ. ಅದರ ಮೇಲೆ ಬಣ್ಣ ಹಾಕಿ ರಬ್ಬರಿನ ಪಟ್ಟಿಯಿಂದ ಒಮ್ಮೆ ಎಳೆದರೆ ಅಕ್ಷರ ಕೆಳಗಿನ ಅಂಗಿಗೆ ಇಳಿಯುತ್ತದೆ. ನೋಡಿದವರು ಅಲ್ಲಿಗೆ ಕೆಲಸ ಮುಗಿಯಿತು ಅನ್ನುತ್ತಾರೆ. ಮುಗಿದಿರುವುದಿಲ್ಲ. "ಬಣ್ಣ ಒಣಗೂದು ಬ್ಯಾರೆ, ಬಣ್ಣ ಹಿಡಿಯೂದು ಬ್ಯಾರೆ" ಅನ್ನುತ್ತಿದ್ದ ಅಣ್ಣ. ಒಣಗಿದ ಮೇಲೆ ಅಕ್ಷರದ ಮೇಲೆ ಕಾಗದ ಹಾಸಿ, ಕಾದ ಇಸ್ತ್ರಿಯನ್ನು ಒತ್ತಿ ಹಿಡಿಯಬೇಕು. ಆ ಕಾವಿಗೇ ಬಣ್ಣ ನೂಲಿನೊಳಗೆ ಕೂರುವುದು. ಅದು ವೈನಿಯ ಕೆಲಸ. ಪ್ರತಿ ಅಂಗಿ ಮುಗಿದ ಮೇಲೆ ಒಂದು ಒದ್ದೆ ಬಿಳಿ ಚಿಂದಿಯಿಂದ ಅಕ್ಷರವನ್ನು ಉಜ್ಜುವಳು. ಚಿಂದಿ ಬಿಳಿಯಾಗಿಯೇ ಉಳಿದರೆ ಮಡಚಿ ಇಡುವಳು. ಸ್ವಲ್ಪ ಬಣ್ಣ ಕಂಡರೂ ಮತ್ತೆ ಇಸ್ತ್ರಿ.

ಅಣ್ಣ ಎದೆನೋವಿನಿಂದ ಹೋದ. ಮಕ್ಕಳಿರಲಿಲ್ಲ. ಕರ್ಮಾಂತರ ಮುಗಿದ ವಾರಕ್ಕೆ ವೈನಿ ಮತ್ತೆ ಮೇಜಿನ ಮುಂದೆ ನಿಂತಳು. ಅವಳು ಸೊಸೆಯಾಗಿ ಬಂದಾಗ ನಾನು ಏಳನೇ ಇಯತ್ತೆ ಓದುತ್ತಿದ್ದೆ, ರೊಟ್ಟಿ ಹರಿದು ಕೊಟ್ಟು ಉಣಿಸಿದವಳು ಅವಳು. ಅಣ್ಣ ಹೋದ ಮೇಲೆ ಮನೆಯಲ್ಲಿ ನಗು ಅಂತ ಏನಾದರೂ ಉಳಿದಿದ್ದರೆ ಅದು ಅವಳದೇ. "ಈರಣ್ಣಾ, ನೀ ಬಣ್ಣಾ ಎಳದದ್ದಕ್ಕಿಂತ ಮಾತು ಎಳದದ್ದ ಜಾಸ್ತಿ" ಅನ್ನುವಳು, ಇಸ್ತ್ರಿಯಿಂದ ಕಣ್ಣು ತೆಗೆಯದೆ.

ಅಣ್ಣ ಹೋದ ಮರುವರ್ಷ ಪಾಟೀಲ ಮಾಸ್ತರು ಹದಿನಾಲ್ಕು ಟೀ ಶರ್ಟು ಹೇಳಿದರು. ಬಿಳಿ ಅಂಗಿ, ಕೆಂಪು ಅಕ್ಷರ, ಬೆನ್ನಿಗೆ ಕೆಂಪು ನಂಬರು. ಆ ಹುಡುಗಿಯರು ಮೊದಲ ಸಲ ತಾಲೂಕು ಬಿಟ್ಟು ಹೊರಗೆ ಆಡಲು ಹೋಗುವವರಿದ್ದರು. ನಾನು ಕೊನೆಯ ಎರಡು ಅಂಗಿಗೆ ಬಣ್ಣ ಎಳೆಯುತ್ತಿದ್ದಾಗ ಮಾಸ್ತರ ಫೋನು ಬಂತು. ಮುಗಿದವೇನು ಅಂತ ಕೇಳಿದರು. ನಾನು ಅಂದೆ: "ಸ್ಟ್ಯಾಂಡಿನ್ಯಾಗ ನಿಂತೇನ್ರಿ ಸರ, ಮೂರರ ಬಸ್ಸಿಗೆ ಹಾಕಾಕತ್ತೇನಿ."

ನಮ್ಮ ಧಂದೆಯಲ್ಲಿ ಇಂಥ ಮಾತು ನಮಸ್ಕಾರ ಇದ್ದ ಹಾಗೆ. ಎಲ್ಲರೂ ಅನ್ನುತ್ತಾರೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಮಾಸ್ತರು ಹಚ್ಚಿಕೊಂಡರು — ಹುಡುಗಿಯರನ್ನೆಲ್ಲ ಕರಕೊಂಡು ನೇಸರಗಿಯ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಹುಡುಗ್ಯಾರು ಖುಷೀಲೆ ಕುಣಿಯಾಕ ಹತ್ಯಾರ ಅಂದರು. ಆಗ ಎರಡೂಕಾಲು. ಮುಂಜಾನೆಯಿಂದ ಕರೆಂಟು ಇರಲಿಲ್ಲ.

ವೈನಿ ಎಲ್ಲ ಕೇಳಿಸಿಕೊಂಡಿದ್ದಳು. "ಇಸ್ತ್ರಿ ಹಚ್ಚಲಾರದ ಕಳಿಸಬ್ಯಾಡೊ ಈರಣ್ಣಾ. ನಾಳೆ ಮೊದಲ ಬಸ್ಸಿಗೆ ನಾನ ಒಯ್ದು ಹಾಕತೇನಿ" ಅಂದಳು. ಆಟ ಇದ್ದದ್ದು ನಾಡಿದ್ದು. ಹೊತ್ತು ಬೇಕಾದಷ್ಟಿತ್ತು. ಆದರೆ ಮಾಸ್ತರಿಗೆ ನಾನು ಸುಳ್ಳು ಹೇಳಿದೆ ಅಂತ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. "ಬಿಸಲಾಗ ಒಣಗ್ಯಾವ, ಸಾಕ ಬಿಡ್ರಿ ವೈನಿ" ಅಂದೆ. ಅವಳು ವಾದ ಮಾಡಲಿಲ್ಲ. ಓಣಿಯ ಅಗಸರ ಮನೆಯಿಂದ ಇದ್ದಲಿ ಇಸ್ತ್ರಿ ಇಸಕೊಂಡು ಬರುತ್ತೇನೆ, ನಿಲ್ಲು ಅಂತ ಹೇಳಿ ಓಡಿದಳು. ನಾನು ನಿಲ್ಲಲಿಲ್ಲ. ಗಂಟು ಕಟ್ಟಿ ಗಾಡಿ ಹತ್ತಿದೆ. ಓಣಿಯ ತಿರುವಿನಲ್ಲಿ ಕೆಂಡ ತುಂಬಿದ ಇಸ್ತ್ರಿಯನ್ನು ಸೆರಗಿನಲ್ಲಿ ಹಿಡಿದು ಬರುತ್ತಿದ್ದವಳನ್ನು ದಾಟಿಕೊಂಡೇ ಹೋದೆ.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ನೋಡಿದವನಲ್ಲ. ಮಾಸ್ತರು ಹೇಳಿದ್ದು. ಉರಿಬಿಸಿಲು, ಹುಡುಗಿಯರು ಬೆವರಿದ್ದಾರೆ. ಅರ್ಧ ಆಟವೂ ಆಗಿಲ್ಲ — ಬೆನ್ನಿನ ಕೆಂಪು ಕರಗಿ ಕೆಳಗಿಳಿಯತೊಡಗಿತು. ಬಿಳಿ ಅಂಗಿಯ ಮೇಲೆ, ಸೊಂಟಕ್ಕೆ, ಅಲ್ಲಿಂದ ಬಿಳಿ ಚಡ್ಡಿಗೆ, ತೊಡೆಗೆ. ಸುತ್ತ ನಿಂತ ಗಂಡಸರು ಸಿಳ್ಳು ಹಾಕಿದರು. ಏನೇನು ಅಂದರೋ ಅದನ್ನು ಮಾಸ್ತರು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕಬಡ್ಡಿಯಲ್ಲಿ ಎದುರಾಳಿ ಒಳಗೆ ಬಂದಾಗ ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲಬೇಕು. ಆ ಹುಡುಗಿಯರು ಕೈ ಬಿಟ್ಟರು — ಮೈ ಮುಚ್ಚಿಕೊಳ್ಳುವುದಕ್ಕೆ. ರೇಶ್ಮಾ ಎಲ್ಲರನ್ನೂ ಕರಕೊಂಡು ಅಂಗಳದಿಂದ ಹೊರಗೆ ನಡೆದಳಂತೆ. ಅವಳಪ್ಪ ಟೆಂಪೋ ಓಡಿಸುವವರು, ಮಗಳ ಆಟ ಅಂದರೆ ಜೀವ. ಮರುದಿನದಿಂದ ಆಟ ಸಾಕವ್ವಾ ಅಂದುಬಿಟ್ಟರು.

ಮಾಸ್ತರು ಆ ದಿನ ನಮ್ಮ ಪಡಸಾಲೆಗೆ ಜಗಳಕ್ಕೆ ಬಂದಿರಲಿಲ್ಲ. ಎರಡು ಅಂಗಿಗಳನ್ನು ಮೇಜಿನ ಮೇಲೆ ಹಾಸಿ, "ಇದು ಹೆಂಗಾತು ಈರಣ್ಣ?" ಅಂತ ಅಷ್ಟೇ ಕೇಳಿದರು. ರೇಶ್ಮಾ ತಲೆ ಎತ್ತಲಿಲ್ಲ. ನಾನು ಅಂದೆ —

"ಇಸ್ತ್ರಿ ಹಚ್ಚೂದು ವೈನೀ ಕೆಲಸ್ರಿ ಸರ. ಮರತಾಳ ಕಾಣತೈತಿ. ಅಣ್ಣ ಹ್ವಾದಾಗಿಂದ ಆಕೀ ಚಿತ್ತ ನೆಟ್ಟಗಿಲ್ಲ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಸುಳ್ಳಿಗೆ ಒಂದು ಆಸರೆ ಬೇಕಾಗಿತ್ತು, ಸತ್ತ ಅಣ್ಣನನ್ನು ತಂದು ನಿಲ್ಲಿಸಿದೆ.

ಎಲ್ಲರೂ ಹೊಸ್ತಿಲ ಕಡೆ ನೋಡಿದರು. ವೈನಿ ನನ್ನನ್ನು ನೋಡಿದಳು. ಆಮೇಲೆ ಮಾಸ್ತರಿಗಲ್ಲ, ಆ ಹುಡುಗಿಗೆ ಹೇಳಿದಳು: "ತಪ್ಪಾತವ್ವಾ. ಇಸ್ತ್ರಿ ಆಗಿದ್ದಿಲ್ಲ."

ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ನೋಡಿ. ನನ್ನನ್ನೂ ಹಿಡಿದುಕೊಡಲಿಲ್ಲ. ಅದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆ ಹೊತ್ತಿಗೆ ನನಗೆ ಅನಿಸಿದ್ದು ಒಂದೇ — ಪಾರಾದೆ.

ಅವರು ಹೋದ ಮೇಲೆ ಅವ್ವ ಬಾಯಿ ಬಿಟ್ಟಳು. "ಗಂಡನ್ನ ಹಿಡಕೊಳ್ಳಲಾರದ ಕೈ, ಬಣ್ಣಾ ಏನ ಹಿಡದೀತು." ವೈನಿ ಅಲ್ಲೇ ಇದ್ದಳು. ಆಗಲಾದರೂ ನಾನು… ಇಲ್ಲ. ಒಂದು ಚೌಕಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ನೀರು ಬಿಟ್ಟು ತೊಳೆಯುತ್ತ ಕೂತೆ. ಅದು ಮೊದಲೇ ತೊಳೆದ ಚೌಕಟ್ಟು.

ವೈನಿ ಮತ್ತೆ ಇಸ್ತ್ರಿ ಮುಟ್ಟಲಿಲ್ಲ. ಅವ್ವನ ಮಾತು ಓಣಿಗೆ ಹೋಯಿತು. ಲಗ್ನದ ಮನೆಗಳಲ್ಲಿ ಉಂಡಿ ಕಟ್ಟಲು ಶಾಂತವ್ವನನ್ನು ಕರೆಯುತ್ತಿದ್ದವರು ಕರೆಯುವುದು ಬಿಟ್ಟರು. ವರ್ಷ ತುಂಬುವುದರೊಳಗೆ ಅವಳು ಸವದತ್ತಿಗೆ, ತಂಗಿಯ ಮನೆಗೆ ಹೊರಟಳು. ಟ್ರಂಕನ್ನು ಬಸ್ಸಿಗೆ ಏರಿಸಿದವನು ನಾನೇ. "ಬರತೇನ್ರಿ" ಅಂದಳು. ಇಪ್ಪತ್ತು ವರ್ಷ 'ನೀ' ಅಂದವಳು ನನಗೆ 'ರಿ' ಹಚ್ಚಿದ್ದು ಅದೇ ಮೊದಲು.

ಇದಕ್ಕಿಂತ ನಾಚಿಕೆಯದು ಮುಂದಿದೆ. ನಾನು ಅದನ್ನೊಂದು ಕಥೆ ಮಾಡಿಕೊಂಡೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ, ಗಿರಾಕಿಗಳಿಗೆ, ಚಹಾದಂಗಡಿಯಲ್ಲಿ — "ನಮ್ಮ ಮನ್ಯಾಗ ಒಬ್ಬಾಕಿ ಇಸ್ತ್ರಿ ಮರತಿದ್ಲು ನೋಡ್ರಿ" ಅಂತ ಶುರು ಮಾಡುತ್ತಿದ್ದೆ. ಹೇಳಿ ಹೇಳಿ ಅದಕ್ಕೆ ಕೈಕಾಲು ಮೂಡಿದವು. ಜನ ನಗುವ ಜಾಗವೂ ಒಂದು ಹುಟ್ಟಿಕೊಂಡಿತು. ಹೋದ ವರ್ಷ ಕಿತ್ತೂರಿನಲ್ಲಿ ಒಂದು ಮಹಿಳಾ ಸಂಘದವರು ಈ ಕೆಲಸ ಕಲಿಸಿಕೊಡಿ ಅಂತ ಕರೆದರು. ಅಲ್ಲಿಯೂ ಹೇಳಿದೆ. ನಕ್ಕರು. ಹಿಂದೆ ಕೂತ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. "ಆಕಿ ಈಗ ಎಲ್ಲಿದ್ದಾಳ್ರಿ?" ಅಂತ ಕೇಳಿದಳು. ಎಂಟು ವರ್ಷದಲ್ಲಿ ಒಮ್ಮೆಯೂ ಅವಳನ್ನು ನೋಡಲು ಹೋಗಿರಲಿಲ್ಲ ನಾನು.

ಹೋದೆ — ಕೂಡಲೇ ಅಲ್ಲ, ಮತ್ತೂ ಏಳೆಂಟು ತಿಂಗಳು ಹಿಂದೆಮುಂದೆ ಮಾಡಿ. ವೈನಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನಾನು ಎಲ್ಲ ಹೇಳಿದೆ, ಕೈಮುಗಿದೆ. ಅವಳು ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅಂದಳು: "ನನಗ ಯಾಕ ಹೇಳತೀರಿ? ನಾ ಅಲ್ಲೇ ಇದ್ನಲ್ಲಾ. ಗೊತ್ತಿಲ್ಲದವರಿಗೆ ಹೇಳ್ರಿ."

ಚಹಾ ಕೊಟ್ಟಳು. ಅವತ್ತು ಯಾಕೆ ಸುಮ್ಮನಿದ್ರಿ ಅಂತ ಕೇಳುವ ಆಸೆ ನನಗೆ. ಕೇಳುವ ಹಕ್ಕು ಇರಲಿಲ್ಲ. ಚಹಾ ಕುಡಿದು ಬಂದೆ.

ನೇಸರಗಿಗೆ ಹೋದೆ. ಮಾಸ್ತರು ಈಗ ನಿವೃತ್ತರು. ಪೂರ್ತಿ ಕೇಳಿದರು. ಬೈಯಲಿಲ್ಲ, ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ. ತೊರಗಲ್‌ಗೆ ಮದುವೆಯಾಗಿ ಹೋಗಿರುವ ರೇಶ್ಮಾಳಿಗೆ ಅವರೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅವಳು ಕೊನೆಯವರೆಗೂ ಕೇಳಿದಳು. "ಆ ಆಂಟಿನ್ನ ಒಮ್ಮೆ ಸವದತ್ತಿ ಸ್ಟ್ಯಾಂಡಿನ್ಯಾಗ ನೋಡಿದ್ನಿ. ಮಾತಾಡಸಾಕ ಬಂದ್ರು. ನಾ ಮಾರಿ ತಿರುವಿ ಹೋಗಿದ್ನಿ" ಅಂದು ಫೋನು ಇಟ್ಟಳು.

ಯಾರಿಗೆಲ್ಲ ಆ ಕಥೆ ಹೇಳಿ ನಗಿಸಿದ್ದೆನೋ ಅವರೆಲ್ಲರ ಮನೆಗೆ ನಾನು ಹೋಗಲಾರೆ. ಅವರ ಲೆಕ್ಕ ನನಗೇ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆದದ್ದು. ಕಿತ್ತೂರಿನ ಆ ತಾಯಿ ಓದಿದರೆ — ಇಸ್ತ್ರಿ ಮರೆತವಳು ಯಾರೂ ಇರಲಿಲ್ಲವ್ವಾ. ಹಚ್ಚಬೇಕು ಅಂತ ಕೆಂಡ ಹೊತ್ತುಕೊಂಡು ಓಡಿ ಬಂದವಳು ಒಬ್ಬಳಿದ್ದಳು.

ಅವ್ವನಿಗೆ ಕೊನೆಗೆ ಹೇಳಿದೆ. ಎಲ್ಲರಿಗಿಂತ ಅವಳಿಗೆ ಹೇಳುವುದೇ ಕಷ್ಟವಾಯಿತು. ಈಗ ಅವಳಿಗೆ ಎಂಬತ್ತರ ಮೇಲೆ. ಕಿವಿ ಮಂದ, ಅದಕ್ಕೆ ಜೋರಾಗಿ ಹೇಳಬೇಕಾಯಿತು, ಎರಡು ಸಲ ಹೇಳಬೇಕಾಯಿತು. ವೈನಿ ಹೋದ ಮೇಲೆ ಈ ಮನೆಗೆ ಬಂದ ನನ್ನ ಹೆಂಡತಿ, ಮಕ್ಕಳೂ ಕೇಳಿಸಿಕೊಂಡರು. "ಅಂಥಾ ಮಾತು ನನ್ನ ಬಾಯಿಲೆ ಆಡಿಸಿದ್ಯಲ್ಲೊ" ಅಂದಳು ಅವ್ವ.

ಆ ವಾರದಲ್ಲೇ ಸವದತ್ತಿಗೆ ಹೋಗುತ್ತೇನೆ ಅಂತ ಹಟ ಹಿಡಿದಳು. ನಾನು ಗಾಡಿ ತರುತ್ತೇನೆ ಅಂದರೆ ನೀ ಬ್ಯಾಡ ಅಂದಳು. ಪಕ್ಕದ ಮನೆಯವಳ ಜೊತೆ ಬಸ್ಸಿಗೆ ಹೋಗಿ, ನಾಲ್ಕು ದಿನ ಅಲ್ಲಿದ್ದು, ಐದನೆಯ ದಿನ ಮಧ್ಯಾಹ್ನ ಬಂದಳು. ವೈನಿ ಬಂದಿರಲಿಲ್ಲ. ಅವ್ವನ ತಲೆಗೆ ಯಾರೋ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಉಳಿದಷ್ಟೇ ಕೂದಲನ್ನು ಬಾಚಿ ಬಿಗಿಯಾಗಿ ತುರುಬು ಕಟ್ಟಿ ಕಳಿಸಿದ್ದರು. ಅಲ್ಲಿ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ತುರುಬನ್ನು ಅವಳು ಎರಡು ದಿನ ಬಿಚ್ಚಲಿಲ್ಲ.